ಪುಟ್ಟೀ, ಚಳಿ ಬಿಡು, ಬಿಸಿಲು ನೋಡ್ಕೋ

ಪುಟ್ಟೀ, ನಿನ್ನ ಮೆಸೇಜ್ ಬೆಳಗ್ಗೇನೇ ನೋಡ್ದೆ ಕಣೇ. ಅಷ್ಟುದ್ದ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಅದಕ್ಕೇ ಮಾತಾಡ್ತಿದೀನಿ. ಏಪ್ರಿಲ್ ಮೊದಲನೇ ವಾರ ಮಕ್ಕಳಿಗೆ ಸ್ಪ್ರಿಂಗ್ ಬ್ರೇಕು, ಕ್ಯಾಲಿಫೋರ್ನಿಯಾದ ಹಿಮದ ಬೆಟ್ಟ ಟಾಹೋಗೆ ಹೋಗ್ತಿದೀವಿ, ಅಪ್ಪ ಅಮ್ಮನೂ ಮೈಸೂರಿಂದ ಬಂದಿದಾರೆ, ಅಮ್ಮ ಆ ಚಳಿ ತಡ್ಕೋತಾಳಾ, ಸಣ್ಣೋನನ್ನ ಹಿಮದ ಮೇಲೆ ಜಾರೋ ಸ್ಕೀ ಕ್ಲಾಸಿಗೆ ಬಿಟ್ರೆ ನಡುಗಿಹೋಗ್ತಾನಾ ಅಂತ ತಾನೇ ನೀನು ಕೇಳಿರೋದು?

ಚಳಿ ಚಳಿ ಅಂತ ಯಾಕೆ ಹೆದರ್ತೀಯೇ. ನಿಮ್ಮಮ್ಮ ಧನುರ್ಮಾಸದಲ್ಲಿ ಬೆಳಗಿನ ಜಾವ ಎದ್ದು ತಣ್ಣೀರು ಹಾಕ್ಕೊಂಡು ದೇವಸ್ಥಾನಕ್ಕೆ ಓಡ್ತಿದ್ದೋಳು, ಅವಳಿಗೆ ಏನೂ ಆಗಲ್ಲ. ಏಪ್ರಿಲ್ ಅಂದ್ರೆ ಅಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಒಂದು ಹೊತ್ತು ಚಳಿ, ಅಷ್ಟೆ. ಹನ್ನೊಂದು ಗಂಟೆ ಆಗ್ತಿದ್ದ ಹಾಗೆ ಜನ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಕೊಂಡು ಓಡಾಡ್ತಿರ್ತಾರೆ. ಅಲ್ಲಿ ಹೆದರಬೇಕಾದ್ದು ಬಿಸಿಲಿಗೆ. ಬಿಸಿಲು ಅಂದ್ರೆ ಮೈ ಕಪ್ಪಾಗೋ ಮಾತಲ್ಲ, ಕಣ್ಣಿನ ಮಾತು. ಮೋಡ ಇದೆ ಅಂತ ಒಬ್ಬರೂ ಕನ್ನಡಕ ತೆಗೀಕೂಡದು, ಈಗಲೇ ಹೇಳಿದೀನಿ.

ನಿಮ್ಮ ದೊಡ್ಡಪ್ಪನ ಕತೆ ನಿಮಗೆಲ್ಲ ಅರ್ಧಂಬರ್ಧ ಗೊತ್ತು. ನೆಟ್ಟಗೆ ಕೇಳಿ ಈಗ. ನಾವು ಹೋಗಿದ್ದು ನೀವು ಹೋಗ್ತಿರೋ ಪ್ಯಾಲಿಸೇಡ್ಸ್‌ಗಲ್ಲ, ಅದು 1960ರಲ್ಲಿ ಒಲಿಂಪಿಕ್ಸ್ ನಡೆದ ದೊಡ್ಡ ಬೆಟ್ಟ, ನಮಗ್ಯಾಕೆ ಅದು. ನಾವು ಡಾನರ್ ಪಾಸ್ ಕಡೆ ಒಂದು ಸಣ್ಣ ಜಾಗಕ್ಕೆ ಹೋಗಿದ್ವಿ. ಮಕ್ಕಳು ಕ್ಲಾಸಲ್ಲಿದ್ರು, ಆ ಮ್ಯಾಜಿಕ್ ಕಾರ್ಪೆಟ್ ಅನ್ನೋ ಬೆಲ್ಟ್ ಮೇಲೆ ನಿಂತು ಮೇಲಕ್ಕೆ ಹೋಗೋದು, ಜಾರ್ಕೊಂಡು ಬರೋದು. ದೊಡ್ಡಪ್ಪನಿಗೆ ಮಂಡಿ ನೋವು, ಅವರು ಸ್ಕೀ ಮುಟ್ಟೂ ಇಲ್ಲ. ಹೊರಗಡೆ ಮರದ ಡೆಕ್ ಮೇಲೆ ಕುರ್ಚಿ ಹಾಕ್ಕೊಂಡು, ಫ್ಲಾಸ್ಕಲ್ಲಿ ಕಾಫಿ ಇಟ್ಕೊಂಡು, ಬೆಳಗ್ಗಿಂದ ಸಂಜೆವರೆಗೂ ಮೊಮ್ಮಕ್ಕಳ ಫೋಟೋ ತೆಗೀತಾ ಕೂತಿದ್ರು. ಕೂಲಿಂಗ್ ಗ್ಲಾಸ್ ಇತ್ತು ಕಣೇ, ಇಲ್ಲ ಅಂತಲ್ಲ. ಅದನ್ನ ಹಾಕ್ಕೊಂಡ್ರೆ ಫೋನ್ ಸ್ಕ್ರೀನ್ ಕಾಣಲ್ಲ ಅಂತ ನೆತ್ತಿ ಮೇಲೆ ಏರಿಸಿದ್ರು. ನಾನು ಹೇಳ್ದೆ, ರೀ ಹಾಕ್ಕೊಳ್ರೀ ಅಂತ. “ಎಲ್ಲಿದೆ ಬಿಸಿಲು, ಮೋಡ ಮುಚ್ಕೊಂಡಿದೆ ನೋಡು” ಅಂದ್ರು.

ಸಂಜೆ ಮನೆಗೆ ಬಂದಾಗ ಚೆನ್ನಾಗೇ ಇದ್ರು. ಟ್ರಕ್ಕೀ ಅನ್ನೋ ಊರಲ್ಲಿ ಒಂದು ಕ್ಯಾಬಿನ್ ಬಾಡಿಗೆಗೆ ತಗೊಂಡಿದ್ವಿ. ನಾನು ಮಾಡಿದ ಬಿಸಿಬೇಳೆಬಾತ್ ಎರಡು ಸಲ ಹಾಕಿಸ್ಕೊಂಡು ತಿಂದ್ರು. ರಾತ್ರಿ ಮಲಗೋ ಹೊತ್ತಿಗೆ ಕಣ್ಣಲ್ಲಿ ಏನೋ ಕಸ ಬಿದ್ದಿದೆ ನೋಡೇ ಅಂದ್ರು. ಟಾರ್ಚ್ ಹಾಕಿ ನೋಡ್ದೆ, ಏನೂ ಇಲ್ಲ. ಬರೀ ಕೆಂಪಗಿತ್ತು. ನಡುರಾತ್ರಿ ಹೊತ್ತಿಗೆ ಮೆಣಸಿನಪುಡಿ ಎರಚಿದ ಹಾಗೆ ಉರಿ, ಧಾರಾಕಾರ ನೀರು, ಬಚ್ಚಲುಮನೆ ದೀಪ ಹಾಕಿದ್ರೆ ಕಿರುಚ್ತಾರೆ. ರೆಪ್ಪೆ ತೆರೆಯೋಕೇ ಆಗ್ತಿಲ್ಲ. ಅಷ್ಟು ವಯಸ್ಸಾದ ಮನುಷ್ಯ ಗೋಡೆ ಸವರ್ಕೊಂಡು ನಡೀತಿದ್ರೆ ನನ್ನ ಕೈಕಾಲೇ ಆಡ್ಲಿಲ್ಲ. ಮೈಸೂರಿಗೆ ಫೋನ್ ಮಾಡಿದ್ರೆ ನಿಮ್ಮಮ್ಮ ಹರಳೆಣ್ಣೆ ಬಿಡು ಅಂದ್ಲು! ಪುಟ್ಟೀ, ಹಾಗೇನಾದ್ರೂ ಆದ್ರೆ ಎಣ್ಣೆ, ರೋಸ್‌ವಾಟರ್ ಯಾವುದೂ ಬೇಡ, ಉಜ್ಜೋದೂ ಬೇಡ. ತಣ್ಣೀರು ಬಟ್ಟೆ ಮುಚ್ಚಿ, ಕೋಣೆ ಕತ್ತಲೆ ಮಾಡಿ, ಡಾಕ್ಟರ ಹತ್ರ ಕರ್ಕೊಂಡು ಹೋಗು. ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ಮೊದಲು ತೆಗೆಸು.

ಬೆಳಗ್ಗೆ ಕ್ಲಿನಿಕ್ಕಲ್ಲಿ ಆ ಡಾಕ್ಟರಮ್ಮ ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ದೀಪ ಬಿಟ್ಟು ನೋಡಿದ್ಲು. ಸ್ನೋ ಬ್ಲೈಂಡ್‌ನೆಸ್ ಅಂದ್ಲು. ಬಿಸಿಲಲ್ಲಿರೋ ಯುವಿ ಅನ್ನೋ ಕಣ್ಣಿಗೆ ಕಾಣದ ಕಿರಣಕ್ಕೆ ಕಣ್ಣಿನ ಮೇಲ್ಪದರ ಸುಟ್ಟಿರೋದು. ಹೊಡೆದ ತಕ್ಷಣ ಗೊತ್ತಾಗಲ್ವಂತೆ, ಆರು ಗಂಟೆಯಿಂದ ಹನ್ನೆರಡು ಗಂಟೆ ಆದ್ಮೇಲೆ ಶುರುವಾಗೋದು. ತೆಳು ಮೋಡ ಆ ಕಿರಣ ತಡೆಯಲ್ಲ. ಹೊಸ ಹಿಮ ಅದರಲ್ಲಿ ನೂರಕ್ಕೆ ಎಂಬತ್ತರವರೆಗೂ ವಾಪಸ್ ಮುಖಕ್ಕೇ ಎಸೆಯುತ್ತೆ. ಒಂದೊಂದು ಸಾವಿರ ಮೀಟರ್ ಎತ್ತರಕ್ಕೂ ಆ ಕಿರಣ ಇನ್ನೊಂದು ಹತ್ತು ಪರ್ಸೆಂಟ್ ಜಾಸ್ತಿ, ಟಾಹೋ ಸರೋವರವೇ 1,900 ಮೀಟರ್ ಮೇಲಿದೆ. ಡಿಸೆಂಬರಲ್ಲಿ ಸೂರ್ಯ ಓರೆಯಾಗಿ ಹೋಗ್ತಾನೆ, ಏಪ್ರಿಲಲ್ಲಿ ಎಷ್ಟೋ ಮೇಲೆ ಬಂದಿರ್ತಾನೆ, ಕೆಳಗೆ ಹಿಮ ಮಾತ್ರ ಹಾಗೇ ಬಿದ್ದಿರುತ್ತೆ. ಅವಳು ಒಂದು ತೊಟ್ಟು ಔಷಧಿ ಬಿಟ್ಲು, ನೋವು ಮಂಗಮಾಯ. ಇವರು ಆ ಸೀಸೇನೇ ಕೊಟ್ಬಿಡಿ ಅಂದ್ರು. ಅದನ್ನ ಮನೆಗೆ ಕೊಡಲ್ವಂತೆ, ಮೇಲಿಂದ ಮೇಲೆ ಹಾಕಿದ್ರೆ ಗಾಯ ಮಾಯೋದೇ ತಡ ಆಗುತ್ತಂತೆ. ಒಂದೆರಡು ದಿನ ಕತ್ತಲಲ್ಲಿ ಮಲಗಿದ್ರು, ಆಮೇಲೆ ಪೂರ್ತಿ ಸರಿಹೋಯ್ತು, ಪುಣ್ಯ.

ಇದರಲ್ಲಿ ನನ್ನ ಹೊಟ್ಟೆ ಉರಿಯೋ ವಿಷಯ ಬೇರೇನೇ ಇದೆ. ನಿಮ್ಮ ಸೋದರಮಾವನೂ ಆವಾಗ ನಮ್ಮ ಜೊತೇಲೇ ಇದ್ದ. ಈ ಗ್ರೂಪಲ್ಲೂ ಇದಾನೆ, ಕೇಳಿಸ್ಕೊಳ್ಲಿ. ರಾತ್ರಿಯೆಲ್ಲ ಗೊರಕೆ. ಬೆಳಗ್ಗೆ ನಾನು ದೊಡ್ಡಪ್ಪನ ಕೈ ಹಿಡ್ಕೊಂಡು ಕ್ಲಿನಿಕ್ಕಿಗೆ ಹೊರಟ್ರೆ, ಟಿಕೆಟ್ ದುಡ್ಡು ವಾಪಸ್ ಕೊಡಲ್ಲ ಅಕ್ಕ, ವೇಸ್ಟ್ ಆಗುತ್ತೆ ಅಂತ ಸ್ಕೀಗೆ ಹೋದ. ಹೋಗ್ಲಿ ಬಿಡು. ಆಮೇಲೆ ಮೈಸೂರಿಗೆ ಹೋಗಿ ಮದುವೆ ಮನೇಲಿ, ಅದೂ ಬೀಗರ ಪಂಕ್ತೀಲಿ ಕೂತ್ಕೊಂಡು, ಭಾವನಿಗೆ ಅವತ್ತು ಸ್ವಲ್ಪ ಜಾಸ್ತಿ ಆಗಿತ್ತು, ಅದಕ್ಕೇ ಕಣ್ಣು ಕೆಂಪಾಗಿತ್ತು ಅಂತ ಹೇಳಿ ನಗಿಸಿದಾನೆ! ಯಾರಿಗೆ? ಏಕಾದಶಿ ದಿನ ಕಾಫಿ ಬಿಟ್ಟು ಇನ್ನೇನೂ ಮುಟ್ಟದ ಮನುಷ್ಯನಿಗೆ! ಇವತ್ತಿಗೂ ಯಾರಾದ್ರೂ ನೆಂಟರು ಫೋನ್ ಮಾಡಿದ್ರೆ “ಹೇಗಿದೆ ಕಣ್ಣು” ಅಂತ ಕೇಳಿ ಕಿಸಕ್ ಅಂತಾರೆ. ಅವನು ಮಾತ್ರ ಒಂದೇ ಒಂದು ಸಲ ನೇರವಾಗಿ ವಿಚಾರಿಸಿಲ್ಲ. ನಾನೇನು ಸಿಟ್ಟಲ್ಲಿ ಹೇಳ್ತಿಲ್ಲಪ್ಪ.

ಏನು ಹೇಳ್ತಿದ್ದೆ? ಹಾಂ, ಕನ್ನಡಕ. ಮೋಡ ಇದ್ರೂ ತೆಗೀಬೇಡಿ, ಫೋಟೋಗೂ ತೆಗೀಬೇಡಿ. ಸ್ಕೀ ಮಾಡೋರು ಹೇಗೂ ಹಾಕ್ಕೋತಾರೆ, ಸುಮ್ನೆ ಕೂತು ನೋಡೋರೇ ಮರೆಯೋದು. ನಿಮ್ಮಮ್ಮನಿಗೆ ಪೊರೆ ಆಪರೇಶನ್ ಬೇರೆ ಆಗಿದೆ. ಅವಳು ಚಾಮುಂಡಿ ಬೆಟ್ಟದಲ್ಲಿ ಕೊಂಡ್ಕೊಂಡ ಆ ಕಪ್ಪು ಕನ್ನಡಕ ತಂದಿದ್ರೆ ಅದು ನಡೆಯಲ್ಲ, ಯುವಿ 400 ಅಂತ ಬರೆದಿರಬೇಕು, ಪಕ್ಕದಿಂದಲೂ ಬೆಳಕು ನುಗ್ಗದ ಹಾಗೆ ಅಗಲವಾಗಿರಬೇಕು. ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಕೆಳಗೂ ಹಚ್ಚು, ಬೆಳಕು ಕೆಳಗಿಂದ ಬರುತ್ತೆ ಅಂದ್ನಲ್ಲ.

ಅಯ್ಯೋ, ಮುಖ್ಯವಾದದ್ದೇ ಮರ್ತೆ. ಸಣ್ಣೋನ ಕ್ಲಾಸು ಬೆಳಗಿನದ್ದೇ ಹಾಕ್ಸು. ಸ್ಪ್ರಿಂಗಲ್ಲಿ ರಾತ್ರಿ ಗಟ್ಟಿಯಾದ ಹಿಮ ಬೆಳಗ್ಗೆ ಸ್ವಲ್ಪ ಮೆತ್ತಗಾದಾಗ ಮಕ್ಕಳಿಗೆ ಚೆನ್ನ. ಮಧ್ಯಾಹ್ನದ ಮೇಲೆ ನೀರು ನೀರಾಗಿ ಕಾಲು ಎಳೆಯುತ್ತೆ, ಸುಸ್ತಾಗಿ ಬೀಳೋದು ಆವಾಗಲೇ. ಒಂದು ಗಂಟೆಗೆ ಮುಗಿಸಿ ಊಟಕ್ಕೆ ಬನ್ನಿ. ಹೊರಡೋ ಮುಂಚೆ ರಸ್ತೆ ತೆರೆದಿದೆಯಾ ಅಂತ ಕ್ಯಾಲ್‌ಟ್ರಾನ್ಸ್, ಅಂದ್ರೆ ಕ್ಯಾಲಿಫೋರ್ನಿಯಾ ರಸ್ತೆ ಇಲಾಖೆಯವರ ಕ್ವಿಕ್‌ಮ್ಯಾಪ್ ನೋಡು. ಸ್ಪ್ರಿಂಗ್ ಅಂತ ನಂಬೋ ಹಾಗಿಲ್ಲ, 2024ರ ಮಾರ್ಚ್ ಶುರುವಲ್ಲಿ ಹಿಮಗಾಳಿಗೆ ಇಂಟರ್‌ಸ್ಟೇಟ್ 80 ಹೆದ್ದಾರೀನೇ ಮುಚ್ಚಿದ್ರು. ಟೈರಿಗೆ ಹಾಕೋ ಚೈನ್ ಡಿಕ್ಕೀಲಿ ಇರಲಿ.

ಇನ್ನೊಂದು. ಬಾಡಿಗೆ ಪ್ಯಾಕೇಜಲ್ಲಿ ಸ್ಕೀ, ಬೂಟು, ಕೋಲು ಕೊಡ್ತಾರೆ, ಗಾಗಲ್ಸ್ ಸಾಮಾನ್ಯವಾಗಿ ಕೊಡಲ್ಲ. ಮೇಲೆ ಹೋಗಿ ಕೊಂಡ್ರೆ ಬೆಲೆ ಕೇಳಿ ತಲೆ ತಿರುಗುತ್ತೆ, ಇಲ್ಲೇ ಕೆಳಗೆ ತಗೊಂಡು ಹೋಗು. ಮಕ್ಕಳ ಸೈಜಿಂದೇ ಇರಲಿ, ಹೆಲ್ಮೆಟ್ ಜೊತೆ ಹಾಕಿ ನೋಡು, ಹಣೆ ಮಧ್ಯೆ ಸಂದು ಬಿಡಬಾರದು. ನಮ್ಮ ಗರಾಜಲ್ಲಿ ಮೊಮ್ಮಕ್ಕಳ ಹಳೇದು ಇವೆ, ಶುಕ್ರವಾರ ಬಂದು ನೋಡ್ಕೊಂಡು ಹೋಗು. ಮೂರು ಗಂಟೆ ಮೇಲೆ ಬಾ, ಅದಕ್ಕೆ ಮುಂಚೆ ದೊಡ್ಡಪ್ಪ ಮಲಗಿರ್ತಾರೆ.