ಓದುಗರ ಸ್ಪಂದನ: ಮಗ ‘ಮೋರೆ’ ಆಗಲು ಹೊರಟಿದ್ದಾನೆ

ಕಳೆದ ಸಂಚಿಕೆಯಲ್ಲಿ ನ್ಯೂಜೆರ್ಸಿಯ ಓದುಗರೊಬ್ಬರು ತಮ್ಮ ಚಿಂತೆ ಹಂಚಿಕೊಂಡಿದ್ದರು. ತವರು ಸಾಗರ, ಗಂಡ ಯಹೂದಿ. ಹದಿನಾರರ ಮಗ ಬಿಬಿವೈಓ ಎಂಬ ಯಹೂದಿ ಹದಿಹರೆಯದವರ ಸಂಘಟನೆಯಲ್ಲಿದ್ದಾನೆ. ಈಗ ತನ್ನ ಶಾಖೆಯ ‘ಮೋರೆ’ ಸ್ಥಾನಕ್ಕೆ, ಅಂದರೆ ಸದಸ್ಯತ್ವ ನೋಡಿಕೊಳ್ಳುವ ಉಪಾಧ್ಯಕ್ಷನ ಹುದ್ದೆಗೆ, ಸ್ಪರ್ಧಿಸುತ್ತೇನೆ ಅನ್ನುತ್ತಿದ್ದಾನೆ. ನಾಲ್ಕು ಜನರೆದುರು ನಿಂತರೆ ಮಾತು ತಡವರಿಸುತ್ತದೆ. ಎದುರಾಳಿ ಅವನ ಜೀವದ ಗೆಳೆಯ. ‘ಇವನ ಅಮ್ಮ ಯಹೂದಿಯಲ್ಲ’ ಎಂದು ಯಾರಾದರೂ ಅಂದುಬಿಟ್ಟರೆ? ತಡೆಯಲೇ, ಬಿಡಲೇ ಎಂಬುದು ತಾಯಿಯ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಮ್ಮದೂ ಇಂಥದೇ ಮನೆ. ಮಗಳು ಅದೇ ಸಂಘಟನೆಯ ಹುಡುಗಿಯರ ವಿಭಾಗದಲ್ಲಿದ್ದಳು. ಹುಡುಗರಲ್ಲಿ ‘ಮೋರೆ’ ಅನ್ನುವುದಕ್ಕೆ ಅಲ್ಲಿ ‘ಎಂಐಟಿ ಮಾಮ್’ ಅನ್ನುತ್ತಾರೆ. ಎಂಐಟಿ ಅಂದರೆ ‘ಮೆಂಬರ್ ಇನ್ ಟ್ರೈನಿಂಗ್’, ಹೊಸದಾಗಿ ಸೇರಿದವಳು. ಧಾರವಾಡದ ನನ್ನ ಅವ್ವನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಮೊಮ್ಮಗಳಿಗೆ ಎಂಐಟಿಯಲ್ಲಿ ಸೀಟು ಸಿಕ್ಕಿತೆಂದು ಓಣಿಗೆಲ್ಲ ಪೇಢೆ ಹಂಚಿದಳು!

ಮೊದಲ ಸಲ ಭಾಷಣ ನಾನೇ ತಿದ್ದಿ ಕೊಟ್ಟಿದ್ದೆ. ‘ನಾಯಕತ್ವ’, ‘ದೂರದೃಷ್ಟಿ’, ಏನೇನೋ ದೊಡ್ಡ ಮಾತು. ಸೋತಳು. ಎರಡನೆಯ ಸಲ ಕಾಗದವನ್ನು ನನಗೆ ತೋರಿಸಲೇ ಇಲ್ಲ. ಅವಳು ಹೇಳಿದ್ದು ಇಷ್ಟೇ ಅಂತ ಆಮೇಲೆ ಗೊತ್ತಾಯಿತು: ಒಂದು ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಹವ್ದಾಲಾ ಇತ್ತು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಮುಗಿದಾಗ ಹೆಣೆದ ಮೇಣದಬತ್ತಿ ಹಚ್ಚಿ, ಸುವಾಸನೆಯ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದು. ಡಬ್ಬಿಗೆ ನನ್ನ ಮಸಾಲೆ ಡಬ್ಬದಿಂದಲೇ ಲವಂಗ, ಚಕ್ಕೆ ತುಂಬಿದ್ದೆವು. ಹೊಸ ಹುಡುಗಿಯೊಬ್ಬಳು ಫ್ರಿಜ್ಜಿಗೆ ಆತು ನಿಂತು ಫೋನನ್ನೇ ಉಜ್ಜುತ್ತಿದ್ದಳು. ಮಗಳು ವೃತ್ತ ಬಿಟ್ಟು ಹೋಗಿ ಡಬ್ಬಿಯನ್ನು ಅವಳ ಕೈಗಿಟ್ಟಳು. ಆಕೆ ಮೂಸಿ, ‘ಇದು ನನ್ನಜ್ಜಿಯ ಆಪಲ್ ಕೇಕಿನ ವಾಸನೆ’ ಅಂದಳಂತೆ. ಮುಂದಿನ ವಾರ ತಾನೂ ಬಂದಳು, ತಂಗಿಯನ್ನೂ ಕರೆತಂದಳು. ಮಗಳು ಇದನ್ನೇ ಹೇಳಿ, ಮಧ್ಯೆ ಎರಡು ಸಲ ಮಾತು ಮರೆತು, ಕೂತುಕೊಂಡಳು. ಗೆದ್ದಳು.

ಸದಸ್ಯತ್ವದ ಕೆಲಸವೆಂದರೆ ಅದೇ ತಾಯಿ. ಫ್ರಿಜ್ಜಿನ ಪಕ್ಕ ನಿಂತವರನ್ನು ಕಾಣುವುದು. ನಿಮ್ಮ ಮಗನಿಗೆ ಆ ಕಣ್ಣಿದ್ದರೆ ನಾಲಿಗೆಯ ಚಿಂತೆ ಬಿಡಿ. ಒಂದು ಎಚ್ಚರಿಕೆ: ಗೆದ್ದರೆ ನಿಮ್ಮ ಕಾರಿಗೆ ಬಿಡುವಿರುವುದಿಲ್ಲ. ಹೊಸ ಮಕ್ಕಳನ್ನು ಮನೆಯಿಂದ ಕರೆತರುವುದು, ಮತ್ತೆ ಬಿಡುವುದು, ಎಲ್ಲ ನಿಮ್ಮ ತಲೆಗೇ. ಪೆಟ್ರೋಲಿನ ಲೆಕ್ಕ ನಾನು ಅರ್ಧದಲ್ಲೇ ಕೈಬಿಟ್ಟೆ.

– ಒಬ್ಬ ತಾಯಿ, ಓಹಾಯೊ

*

ಹೇಳಿದ್ದು ನಾನು, ಕನ್ನಡದಲ್ಲಿ ಬರೆದದ್ದು ಅಮ್ಮ. ನನ್ನಪ್ಪ ಯಹೂದಿ, ಅಮ್ಮ ಮಂಡ್ಯದವರು.

ಅಮ್ಮ ಯಹೂದಿಯಾಗಿದ್ದರೆ ಮಾತ್ರ ಮಗು ಯಹೂದಿ ಎಂಬುದು ಹಳೆಯ ಕಟ್ಟಳೆ. ಆರ್ಥಡಾಕ್ಸ್, ಕನ್ಸರ್ವೇಟಿವ್ ಪಂಗಡಗಳು ಇಂದಿಗೂ ಅದನ್ನೇ ಪಾಲಿಸುತ್ತವೆ. ಅಮೆರಿಕದ ರಿಫಾರ್ಮ್ ಎಂಬ ಸುಧಾರಣಾವಾದಿ ಪಂಗಡದ ರಬೈಗಳು, ಅಂದರೆ ಧರ್ಮಗುರುಗಳು, 1983ರಲ್ಲಿ, ಅಪ್ಪ ಯಹೂದಿಯಾಗಿದ್ದು ಮಗು ಯಹೂದಿಯಾಗಿಯೇ ಬೆಳೆದರೆ ಸಾಕು ಎಂದು ಒಪ್ಪಿದರು. ಬಿಬಿವೈಓ ಯಾವ ಒಂದು ಪಂಗಡಕ್ಕೂ ಸೇರಿದ್ದಲ್ಲ. ನಮ್ಮ ಶಾಖೆಯಲ್ಲಿ ನನ್ನ ಅಮ್ಮನ ವಿಷಯ ಒಮ್ಮೆಯೂ ಅಡ್ಡ ಬರಲಿಲ್ಲ, ಅವರ ಚಕ್ಕುಲಿಯ ಡಬ್ಬ ಮಾತ್ರ ಪ್ರತಿ ಸಲ ಖಾಲಿಯಾಗಿ ಬರುತ್ತಿತ್ತು. ಆದರೂ ಯಾರೋ ಒಬ್ಬ ಕೇಳಿಯೇ ಬಿಡಬಹುದು. ನಿಮ್ಮ ಮಗನ ಬಳಿ ಉತ್ತರ ಸಿದ್ಧವಿರಲಿ. ಅದು ಸಂಘಟನೆಯ ಹುಟ್ಟಿನಲ್ಲೇ ಇದೆ. ಗ್ರೀಕ್ ಅಕ್ಷರಗಳನ್ನೇ ಹೆಸರಾಗಿಟ್ಟುಕೊಂಡ ಹೈಸ್ಕೂಲು ಹುಡುಗರ ಕೂಟಗಳು ಯಹೂದಿ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ನೆಬ್ರಾಸ್ಕಾದ ಒಮಾಹಾದಲ್ಲಿ ಹುಡುಗರು ಹೀಬ್ರೂ ಅಕ್ಷರಗಳಲ್ಲೇ ತಮ್ಮದೊಂದು ಕೂಟ ಕಟ್ಟಿದರು: ಆಲೆಫ್ ಝಾದಿಕ್ ಆಲೆಫ್, 1924. ಬಾಗಿಲು ಮುಚ್ಚಿಸಿಕೊಂಡವರು ಕಟ್ಟಿದ ಮನೆ ಅದು, ಅದರ ಬಾಗಿಲಲ್ಲಿ ನಿಲ್ಲುವವನು ಮೋರೆ.

ಗೆಳೆಯನ ವಿಷಯ. ನಾನೂ ಗೆಳೆಯನ ಎದುರೇ ನಿಂತಿದ್ದೆ. ನಮ್ಮ ಬಗ್ಗೆ ಚರ್ಚೆ ನಡೆಯುವಾಗ ಇಬ್ಬರನ್ನೂ ಹೊರಗೆ ಕಳಿಸಿದರು. ಗ್ಯಾರೇಜಿನಲ್ಲಿ ಲಾನ್ ಮೂವರಿನ ಮೇಲೆ ಕೂತು, ಒಂದೇ ಪೊಟ್ಟಣದಿಂದ ಚಿಪ್ಸ್ ತಿಂದೆವು. ಅವನ ಕೈ ನಡುಗುತ್ತಿತ್ತು, ನನ್ನದೂ. ನಾನು ಸೋತೆ. ನಮ್ಮಲ್ಲಿ ಒಂದು ಹುದ್ದೆಗೆ ಸೋತವರು ಅದೇ ಸಂಜೆ ಕೆಳಗಿನದಕ್ಕೆ ಇಳಿದು ನಿಲ್ಲಬಹುದಿತ್ತು. ‘ಗಿಜ್ಬೋರ್’ಗೆ ನಿಂತು ಖಜಾಂಚಿಯಾದೆ. ಅವನು ಜನ ಕರೆತಂದ, ನಾನು ಅವರ ಪಿಜ್ಜಾದ ದುಡ್ಡು ವಸೂಲು ಮಾಡಿದೆ. ನಿಮ್ಮ ಮಗ ಇಂಥ ಎರಡನೆಯ ಆಯ್ಕೆಯನ್ನು ಮೊದಲೇ ಯೋಚಿಸಿಟ್ಟುಕೊಳ್ಳಲಿ. ಆ ಹತ್ತು ನಿಮಿಷದಲ್ಲಿ ತಲೆ ಓಡುವುದಿಲ್ಲ.

– ಮಾಜಿ ಖಜಾಂಚಿ, ಬಾಸ್ಟನ್

*

ಎಲ್ಲರೂ ಹುರಿದುಂಬಿಸುತ್ತಾರೆ, ನಾನೊಬ್ಬ ಅಪಸ್ವರ. ಮೂವತ್ತು ವರ್ಷ ಬ್ಯಾಂಕ್ ಯೂನಿಯನ್ನಿನಲ್ಲಿ ಚುನಾವಣೆ ಮಾಡಿದ್ದೇನೆ, ಈಗ ಅಪಾರ್ಟ್‌ಮೆಂಟ್ ಸಂಘದ್ದನ್ನು ನೋಡುತ್ತಿದ್ದೇನೆ. ಚುನಾವಣೆ ಗೆಳೆತನವನ್ನು ತಿನ್ನುತ್ತದೆ. ಹುದ್ದೆಯಿಲ್ಲದೆಯೂ ಹೊಸಬರನ್ನು ಮಾತಾಡಿಸಬಹುದಲ್ಲ? ನಿಲ್ಲಲೇಬೇಕೆಂದರೆ ಗೆಳೆಯನ ಜೊತೆ ಮೊದಲೇ ಕೂತು ಮಾತಾಡಿಕೊಳ್ಳಲಿ. ಮೂರನೆಯವರ ಬಾಯಿಂದ ಗೊತ್ತಾಗಬಾರದು. ನನ್ನ ವಿಷಯದಲ್ಲಿ ಹಾಗೇ ಆಯಿತು. 1989ರಿಂದ ಒಬ್ಬರು ನನ್ನ ಮನೆಗೆ ಬಂದಿಲ್ಲ.

– ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು

*

ಹೀಬ್ರೂದಲ್ಲಿ ಮೋರೆ ಅಂದರೆ ಮೇಷ್ಟ್ರು ಅಂತೆ, ಮೊಮ್ಮಗ ಹೇಳಿದ. ನಮ್ಮಲ್ಲಿ ಮೋರೆ ಅಂದರೆ ಮುಖ. ಮೋರೆಯಾಗಲು ಹೊರಟವನು ಮೋರೆ ಬಾಡಿಸಿಕೊಂಡು ಕೂರಬಾರದು ಅಂತ ಹೇಳಿ ಅವನಿಗೆ. ಭಾಷಣವನ್ನು ದಿನಾ ಸಂಜೆ ಸಾಗರದ ಅಜ್ಜಿಗೆ ಫೋನಿನಲ್ಲಿ ಒಪ್ಪಿಸಲಿ, ಇಂಗ್ಲಿಷಿನಲ್ಲೇ. ತಡವರಿಸಿದರೆ ನಮ್ಮಂಥವರಿಗೆಲ್ಲಿ ಗೊತ್ತಾಗುತ್ತದೆ? ‘ಚೆನ್ನಾಗಿತ್ತು ಪುಟ್ಟಾ, ಇನ್ನೊಂದ್ ಸಲ ಹೇಳು’ ಅಂತೇವೆ.

– ಒಬ್ಬ ಅಜ್ಜಿ, ಶಿರಸಿ