ಸಹಾಯ ಬೇಕು: ಹಿಗ್ಸ್ ಲೆಕ್ಕದಲ್ಲಿ ಟಾಪ್ ಕ್ವಾರ್ಕ್‌ನ ತೂಕ ಎಷ್ಟು ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಓದುತ್ತಿದ್ದೇನೆ, ರಜೆಗೆ ಶಿರಸಿಯ ಮನೆಗೆ ಬಂದಿದ್ದೇನೆ. ಮುಂದಿನ ವಾರ ಸೂಪರ್‌ಸಿಮ್ಮೆಟ್ರಿ ಬಗ್ಗೆ ಸೆಮಿನಾರ್ ಕೊಡಬೇಕು.

ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣ ಇದೆ ಅನ್ನುವ ಈ ವಿಚಾರ ನನಗೆ ತುಂಬಾ ಇಷ್ಟ. ಅದರ ಅತಿ ಸರಳ ಮಾದರಿಯಲ್ಲಿ ಐದು ಹಿಗ್ಸ್ ಕಣಗಳಿವೆ (ಬೇರೆ ಮೂಲಕಣಗಳಿಗೆ ತೂಕ ಬರುವುದಕ್ಕೆ ಸಂಬಂಧಿಸಿದ ಕಣ ಇದು). ಮೊದಲ ಹಂತದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಗುರವಾದದ್ದು ದುರ್ಬಲ ಬಲವನ್ನು ಸಾಗಿಸುವ ಝಡ್ ಬೋಸಾನ್ ಕಣದ ತೂಕ, ಅಂದರೆ ಸುಮಾರು 91 ಜಿಇವಿ (ಕಣಗಳ ತೂಕ ಹೇಳುವ ಮಾನ) ದಾಟುವ ಹಾಗಿಲ್ಲ. ಆದರೆ 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿದ ಹಿಗ್ಸ್ ಸುಮಾರು 125! ಬಾಕಿಯನ್ನು ಕ್ವಾರ್ಕ್‌ಗಳಲ್ಲೇ ಅತಿ ಭಾರದ ಟಾಪ್ ಕ್ವಾರ್ಕ್ ಮತ್ತು ಅದರ ಜೊತೆಗಾರ ಸ್ಟಾಪ್ ತುಂಬಿಕೊಡಬೇಕು.

ಅಪ್ಪನ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ನಾಲ್ಕು ಪುಟ ಇದರಲ್ಲೇ ತುಂಬಿವೆ. ಟ್ಯಾನ್ ಬೀಟಾ (ಮಾದರಿಯ ಎರಡು ಹಿಗ್ಸ್ ಕ್ಷೇತ್ರಗಳ ಬೆಲೆಗಳ ಅನುಪಾತ) ಜಾಸ್ತಿ ಇಟ್ಟೆ, ಸ್ಟಾಪ್ ಮಿಕ್ಸಿಂಗ್ (ಎರಡು ಬಗೆಯ ಸ್ಟಾಪ್ ಒಂದರೊಳಗೊಂದು ಬೆರೆಯುವುದು) ಸೊನ್ನೆ, ಸ್ಟಾಪ್ ತೂಕ 1000 ಜಿಇವಿ. ಟಾಪ್‌ಗೆ ಪ್ರಯೋಗದಲ್ಲಿ ಅಳೆದ 173 ಹಾಕಿದರೆ ಹಿಗ್ಸ್ 127 ಬರುತ್ತದೆ. ಶಕ್ತಿಯ ಮಟ್ಟಕ್ಕೆ ತಕ್ಕಂತೆ ಬದಲಾಗುವ ‘ರನ್ನಿಂಗ್’ ತೂಕ 163 ಹಾಕಿದರೆ 121ಕ್ಕೆ ಇಳಿಯುತ್ತದೆ. ಟಾಪ್ ತೂಕದ ನಾಲ್ಕನೇ ಘಾತ ಇರುವುದರಿಂದ ಇಷ್ಟು ವ್ಯತ್ಯಾಸ, ಅದು ಗೊತ್ತಾಯಿತು. ಆದರೆ ಯಾವುದು ಸರಿ? ಎರಡನೇ ಲೂಪ್ (ಲೆಕ್ಕದ ಮುಂದಿನ, ಇನ್ನೂ ಸೂಕ್ಷ್ಮವಾದ ತಿದ್ದುಪಡಿ) ಸೇರಿಸಿದರೆ ಇನ್ನೂ ಇಳಿಯುತ್ತದೆ ಅಲ್ವಾ? ಹಾಗಾದರೆ ಸ್ಟಾಪ್ ಇನ್ನೂ ಭಾರ ಇರಬೇಕು, ಇಲ್ಲವೇ ಮಿಕ್ಸಿಂಗ್ ಬೇಕು.

ಈ ಲೆಕ್ಕ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಕನ್ನಡದಲ್ಲೇ ಬಿಡಿಸಿ ಹೇಳಿ. ಮಳೆಗೆ ಕರೆಂಟ್ ಹೋಗ್ತಾ ಇದೆ, ಉತ್ತರ ಕೊಡಲು ತಡವಾದರೆ ಬೇಸರ ಮಾಡಿಕೊಳ್ಳಬೇಡಿ. ಪುಟಗಳ ಫೋಟೋ ಕೆಳಗೆ ಹಾಕಿದ್ದೇನೆ.