ಪದಚರ್ಚೆ: ಬೈಕ್ ‘ಬಿಡಿಸುವುದು’ ಮತ್ತು ಅಂಚಿನ ‘ಕರೆ’

ಗೆಳೆಯರೇ,

ಕೊಡಗಿನ ವಿರಾಜಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನಲ್ಲಿ ಫೋಟೋದ ಹಿನ್ನೆಲೆ ಬದಲಿಸುವ ಕೆಲಸ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಇಲ್ಲಿಗೆ ಬರುವುದು ಬೈಕ್ ಫೋಟೋಗಳೇ ಜಾಸ್ತಿ. ಪೆಟ್ರೋಲ್ ಬಂಕಿನ ಹತ್ತಿರ ತೆಗೆದ ಬುಲೆಟ್ ಫೋಟೋ ತಂದು, ಹಿಂದೆ ಮಾಂದಲಪಟ್ಟಿ ಬೆಟ್ಟ ಹಾಕಿಕೊಡಿ ಅಂತ ಕೇಳುತ್ತಾರೆ. ಮಳೆಗಾಲದಲ್ಲಿ ಮಡಿಕೇರಿಯ ರಾಜಾಸೀಟಿಗೇ ಹೋಗಿ ತೆಗೆದರೂ ಹಿಂದೆ ಬರೀ ಮಂಜು, ಅದೂ ನಮ್ಮ ಮೇಜಿಗೇ ಬರುತ್ತದೆ. ಹುಡುಗರ ಮನೆಮಾತು ಕೊಡವ, ಅರೆಭಾಷೆ, ಮಲಯಾಳ, ತುಳು ಹೀಗೆ ಬೇರೆ ಬೇರೆ. ಎಲ್ಲರೂ ಕೂಡಿ ಮಾತಾಡುವುದು ಕನ್ನಡದಲ್ಲಿ. ಅದಕ್ಕೇ ಪಾಠದ ಪದಗಳು ಸರಿಯಾಗಿರಬೇಕು ಅಂತ ಆಸೆ.

ಮೊದಲು ‘ಕಟ್ ಮಾಡು’. ‘ಬೈಕ್ ಕಟ್ ಮಾಡು’ ಅಂದರೆ ಬೈಕ್ ಉಳಿಸಬೇಕೋ, ಬೈಕನ್ನೇ ತೆಗೆಯಬೇಕೋ? ಹೊಸಬರು ನಿಜಕ್ಕೂ ಗೊಂದಲಕ್ಕೆ ಬೀಳುತ್ತಾರೆ. ನನಗೆ ‘ಬಿಡಿಸು’ ಹಿಡಿಸಿದೆ. ಕಿತ್ತಳೆ ತೊಳೆ ಬಿಡಿಸುವಾಗ ಬೇಕಾದ್ದು ಹಾಳಾಗದೆ ಕೈಗೆ ಬರಬೇಕು, ಇಲ್ಲಿಯೂ ಹಾಗೇ. ಸ್ಪೋಕುಗಳ ನಡುವೆ, ಬ್ರೇಕ್ ಕೇಬಲ್ಲಿನ ಸಂದಿಯಲ್ಲಿ ಹಳೆಯ ಹಿನ್ನೆಲೆ ಇಣುಕುತ್ತಿರುತ್ತದೆ. ಅಂಚಿನ ಗುಂಟ ಗೆರೆ ಎಳೆಯುವ ಪೆನ್ ಟೂಲಿನಿಂದ ಒಂದೊಂದು ಸಂದಿಗೂ ಗೆರೆ ಹಾಕಿ ಅದನ್ನು ತೆಗೆಯಬೇಕು. ‘ಚಿತ್ರ ಬಿಡಿಸು’ ಅಂದರೆ ಚಿತ್ರ ಬರೆಯುವುದು ಅಂತಲೂ ಆಗುತ್ತದೆ, ನಿಜ. ‘ಹಿನ್ನೆಲೆಯಿಂದ ಬಿಡಿಸು’ ಅಂತ ಪೂರ್ತಿ ಬರೆದರೆ ಸಾಕಲ್ವಾ?

ಒಂದರ ಮೇಲೊಂದು ಚಿತ್ರ ಇಡುವ ಲೇಯರ್‌ಗೆ ‘ಪದರ’ ಆಗಲೇ ಬಳಕೆಯಲ್ಲಿದೆ. ಪದರದ ಬೇಡದ ಭಾಗ ಮುಚ್ಚುವ ಮಾಸ್ಕ್‌ಗೆ ‘ಮುಖವಾಡ’ ಬೇಡವೇ ಬೇಡ. ಫೋಟೋ ತಿದ್ದುವ ತಂತ್ರಾಂಶ ಫೋಟೋಶಾಪ್ ಇರಲಿ ಜಿಂಪ್ ಇರಲಿ, ಮಾಸ್ಕಿನ ಮೇಲೆ ಕಪ್ಪು ಬಳಿದ ಕಡೆ ಚಿತ್ರ ಕಾಣುವುದಿಲ್ಲ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಏನೂ ಅಳಿಸಿ ಹೋಗಿರುವುದಿಲ್ಲ. ‘ಮರೆ’ ಅಂದರೆ ಮುಗಿಯಿತು.

ನಾನು ಮುಖ್ಯವಾಗಿ ಕೇಳಬೇಕೆಂದಿರುವುದು ಇನ್ನೊಂದು. ಕಾಫಿ ತೋಟದಲ್ಲಿ ನಿಲ್ಲಿಸಿ ತೆಗೆದ ಬೈಕನ್ನು ಬಿಳಿ ಮಂಜಿನ ಮುಂದೆ ಇಟ್ಟರೆ ಹ್ಯಾಂಡಲ್, ಟಯರ್ ಸುತ್ತ ತೆಳ್ಳಗೆ ಹಸಿರು ಗೆರೆ ಉಳಿಯುತ್ತದೆ. ಅಂಚಿನ ಪಿಕ್ಸೆಲ್‌ಗಳಲ್ಲಿ, ಅಂದರೆ ಚಿತ್ರದ ಪುಟ್ಟ ಚುಕ್ಕಿಗಳಲ್ಲಿ, ಬೈಕಿನ ಬಣ್ಣವೂ ತೋಟದ ಬಣ್ಣವೂ ಬೆರೆತಿರುವುದೇ ಕಾರಣ. ಮರೆಯನ್ನು ಒಂದೆರಡು ಪಿಕ್ಸೆಲ್ ಒಳಗೆ ಸರಿಸಿದರೆ ಹೆಚ್ಚಾಗಿ ಹೋಗುತ್ತದೆ. ಈ ಗೆರೆಗೆ ಕನ್ನಡದಲ್ಲಿ ಹೆಸರು ನಾನು ಕೇಳಿಲ್ಲ. ‘ಕರೆ’ ಅನ್ನಬಹುದೇ? ಬಾಳೆಕಾಯಿ ಕರೆ ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ಆ ಕರೆ. ಹಳಗನ್ನಡದಲ್ಲಿ ಕಲೆ ಅನ್ನುವ ಪದ ‘ಕಱೆ’, ದಡ ಅಥವಾ ಅಂಚು ಅನ್ನುವುದು ‘ಕರೆ’. ಱ ಅನ್ನುವ ಹಳೆಯ ಅಕ್ಷರ ಬಿಟ್ಟುಹೋದ ಮೇಲೆ ಎರಡೂ ಒಂದೇ ಆದವು. ಮಲಯಾಳದಲ್ಲಿ ಇವು ಇವತ್ತಿಗೂ ಬೇರೆ, ಮುಂಡಿನ (ಪಂಚೆಯ) ಅಂಚು ‘ಕರ’, ಕಲೆ ‘ಕಱ’. ಅಂಚಿನಲ್ಲಿ ಉಳಿದ ಕಲೆಗೆ ಎರಡು ಅರ್ಥವೂ ಕೂಡಿಬರುವ ಪದ ಸಿಕ್ಕರೆ ಎಷ್ಟು ಚೆನ್ನ! ಆದರೆ ಈಗ ‘ಕರೆ’ ಅಂದರೆ ಫೋನ್ ಕರೆಯೇ ಮೊದಲು ನೆನಪಾಗುತ್ತದೆ. ಅದಕ್ಕೆ ‘ಅಂಚುಗರೆ’ ಅಂತ ಸೇರಿಸಿ ಬರೆದಿದ್ದೇನೆ. ಹುಡುಗರ ಬಾಯಿಗೆ ಸುಲಭವಾಗಿ ಹೊರಳುತ್ತಿದೆ.

ಹಳೆಯ ಜಾವಾ ಬೈಕಿನ ಟ್ಯಾಂಕಿನ ಹೊಳೆಯುವ ಕ್ರೋಮಿನಲ್ಲಿ ಕಾಣುವ ಕಾಫಿ ಗಿಡಗಳನ್ನು ಇದಕ್ಕೆ ಸೇರಿಸಬಾರದು. ಅದು ಬಿಂಬ. ಅಂಚನ್ನು ಎಷ್ಟು ಸರಿಸಿದರೂ ಹೋಗುವುದಿಲ್ಲ, ಬೇರೆಯೇ ಬಣ್ಣ ಬಳಿಯಬೇಕು. ಟಯರಿನ ಕೆಳಗೆ ಹೊಸದಾಗಿ ಹಾಕುವುದನ್ನು ‘ನೆರಳು’ ಅಂತಲೇ ಉಳಿಸಿದ್ದೇನೆ.

‘ಅಂಚುಗರೆ’ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಮೈಸೂರು, ಮಂಗಳೂರು ಕಡೆಯ ಸ್ಟುಡಿಯೋಗಳಲ್ಲಿ ಈ ಗೆರೆಗೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಕೊಡವ ತಕ್ಕ್, ಅರೆಭಾಷೆ ಬಲ್ಲವರು ಅಂಚಿಗೆ, ಕಲೆಗೆ ಮನೆಯಲ್ಲಿ ಏನನ್ನುತ್ತೀರಿ ಅಂತ ಬರೆದರೆ ಪಾಠದಲ್ಲಿ ಅವನ್ನೂ ಸೇರಿಸುತ್ತೇನೆ.